ವಿಳಾಸ ಕೇಳಲು ಬಂದವಳು

ಡುಲುತ್ ಊರಿನ ಕೌಂಟಿ ಕಚೇರಿ, ಎರಡನೇ ಮಹಡಿ.
ಕಿಟಕಿಯಾಚೆ ಸುಪೀರಿಯರ್ ಸರೋವರ
ಇನ್ನೂ ಪೂರ್ತಿ ಹೆಪ್ಪುಗಟ್ಟಿಲ್ಲ.
ಅದಿರು ಹೊತ್ತ ಹಡಗು ಸೇತುವೆಯಡಿ ನುಸುಳುವಾಗ
ನನ್ನ ಮೇಜಿನ ಗಾಜು ತುಸು ನಡುಗುತ್ತದೆ.
ಹತ್ತೊಂಬತ್ತು ವರ್ಷದಿಂದ ನಡುಗುತ್ತಿದೆ.

ಮದುವೆಮನೆಯಲ್ಲಿ ಯಾರಾದರೂ ಉದ್ಯೋಗ ಕೇಳಿದರೆ
'ಸರ್ಕಾರಿ ಲೆಕ್ಕಪತ್ರ' ಎಂದು ಮಾತು ಬದಲಿಸುತ್ತೇನೆ.
ಅದೇ ಮೇಜಿನಾಚೆ ಒಬ್ಬನಾದರೂ ಇರುತ್ತಾನೆ
ನನ್ನ ಸಹಿಯ ಕಾಗದ ಪಡೆದವನು.

ಆರ್ಲನ್ ಸ್ಯಾವಿಕ್ ನನ್ನ ಮೊದಲ ಕಡತಗಳಲ್ಲೊಬ್ಬ.
ಮಗುವಿಗೆ ಆಗ ಎಂಟು ತಿಂಗಳು.
ಕೆನ್ನೆಯೊಳಗೆ ಹತ್ತಿಕಡ್ಡಿ ಸವರಿ
ಪ್ರಯೋಗಾಲಯ ಹೇಳಿತು: ತಂದೆ ಇವನೇ,
ನೂರಕ್ಕೆ ತೊಂಬತ್ತೊಂಬತ್ತು ಬಿಂದು ಒಂಬತ್ತು.
ಉಳಿದ ಆ ಚೂರು ದಶಾಂಶದಲ್ಲಿ
ಅವನು ಬಹುಕಾಲ ವಾಸವಿದ್ದ.

ತಿಂಗಳಿಗೆ ನಾನೂರ ಹನ್ನೆರಡು ಡಾಲರ್.
ಜೀವನಾಂಶ. ಜೀವನದ ಯಾವ ಅಂಶ
ಎಂದು ನ್ಯಾಯಾಲಯ ಕೇಳಲಿಲ್ಲ, ನಾನೂ.
ಮೊದಲು ಸಂಬಳದಿಂದ ಮುರಿದೆವು. ಕಾಗದದ ಗಿರಣಿ ಮುಚ್ಚಿತು.
ತೆರಿಗೆಯ ವಾಪಸಾತಿ ದಾರಿಯಲ್ಲೇ ಹಿಡಿದೆವು.
ಡ್ರೈವಿಂಗ್ ಲೈಸೆನ್ಸ್ ಅಮಾನತಿನಲ್ಲಿಟ್ಟೆವು,
ಬಸ್ಸು ಹೋಗದ ಗಣಿಯಲ್ಲಿ ಅವನಿಗೆ ಕೆಲಸ ಸಿಕ್ಕ ವಾರವೇ.
ಅದು ಕಂಪ್ಯೂಟರ್ ತಾನಾಗಿ ಮಾಡಿದ್ದು.
ನಾನು ತಡೆಯಬಹುದಿತ್ತು. ರಜೆಯಲ್ಲಿದ್ದೆ.
ಕೊನೆಗೆ ಮೀನು ಹಿಡಿಯುವ ಪರವಾನಗಿ.
ಅವನು ಫೋನಿನಲ್ಲಿ ಕೂಗಾಡಿದ್ದು ಅದೊಂದಕ್ಕೇ:
"ಮಂಜುಗಡ್ಡೆಗೆ ತೂತು ಕೊರೆದು
ಸುಮ್ಮನೆ ಕೂರೋದಕ್ಕೂ ನಿಮ್ಮ ಅಪ್ಪಣೆ ಬೇಕಾ?"
ಬೇಕು ಅಂದೆ. ಕಲಮಿನ ಸಂಖ್ಯೆ ಓದಿ ಹೇಳಿದೆ.

ಜೋಲೀನ್, ಮಗುವಿನ ತಾಯಿ, ಪ್ರತಿ ತಿಂಗಳ ಆರಕ್ಕೆ ಫೋನು.
ಒಮ್ಮೆ ಮಾತ್ರ ತಾನೇ ಬಂದು ಮೇಜಿನ ಮೇಲಿಟ್ಟಳು
ಪುಟ್ಟ ಹಿಮದ ಬೂಟು, ಹೆಬ್ಬೆರಳು ತೂರಿಕೊಂಡದ್ದು.
"ಇದನ್ನೂ ಕಡತಕ್ಕೆ ಲಗತ್ತಿಸಿ."
ಬೂಟು ಲಗತ್ತಿಸಲು ನಮ್ಮಲ್ಲಿ ನಮೂನೆ ಇಲ್ಲ.
ಅವಳು ಸರ್ಕಾರದ ನೆರವು ಪಡೆದ ವರ್ಷಗಳಲ್ಲಿ
ಅವನು ಕಟ್ಟಿದ್ದರಲ್ಲೊಂದು ಪಾಲು ಸರ್ಕಾರಕ್ಕೇ ಜಮಾ.
ಅದನ್ನು ವಿವರಿಸುವ ಕರಪತ್ರವಿದೆ,
ಮೂರು ಮಡಿಕೆ, ಮುಖಪುಟದಲ್ಲಿ ನಗುವ ಮಗು.

ಇವತ್ತು ಬ್ರೀಟಾ ಬಂದಳು.
ತನ್ನ ಹೆಸರಿಗಿಂತ ಮೊದಲು ಕೇಸಿನ ಸಂಖ್ಯೆ ಹೇಳಿದಳು,
ಹತ್ತು ಅಂಕಿ, ಎಲ್ಲೂ ತಡವರಿಸದೆ.
ಮನೆಯ ಫ್ರಿಜ್ಜಿಗೆ ಅಂಟಿಸಿದ್ದರಂತೆ.
ಅಂಕಿ ಕಲಿತದ್ದೇ ಅದನ್ನೋದಿ.
"ದುಡ್ಡು ಬೇಡ. ಎಲ್ಲಿದ್ದಾರೆ, ಅಷ್ಟು ಹೇಳಿ."

ನನ್ನ ಪರದೆಯಲ್ಲಿ ಅವನಿದ್ದಾನೆ.
ಬೀದಿ, ಮನೆ ಸಂಖ್ಯೆ, ಹಿಂಬದಿಯ ಬಾಡಿಗೆ ಕೋಣೆ.
ದೇಶದ ಯಾವ ಮೂಲೆಯಲ್ಲಿ ಕೆಲಸಕ್ಕೆ ಸೇರಿದರೂ
ತಿಂಗಳೊಳಗೆ ನನಗೆ ಸುದ್ದಿ ಬರುತ್ತದೆ.
ಹುಡುಕಲೆಂದೇ ಕಟ್ಟಿದ ಇಷ್ಟು ದೊಡ್ಡ ಕಣ್ಣು
ಹಣಕ್ಕಾದರೆ ತೆರೆಯುತ್ತದೆ.
ಮಗಳಿಗೆ ತೆರೆಯಕೂಡದು.

ಹೇಳಿದೆ. ಈ ಸಲ ಕಲಮು ಓದಲಿಲ್ಲ.
ಅವಳು ನಡುಗುವ ಗಾಜನ್ನು ನೋಡುತ್ತ ಕೂತಳು.
ಆಮೇಲೆ ತಾಯಿ ಬರೆದುಕೊಟ್ಟ ಒಪ್ಪಿಗೆಪತ್ರ ತೆಗೆದು
"ಕೊನೆಯ ಸಲ ಕಟ್ಟಿದ್ದು ಯಾವಾಗ?"
ಅದನ್ನು ಹೇಳಬಹುದು.
"ಕಳೆದ ಗುರುವಾರ. ಇಪ್ಪತ್ತೇಳೂವರೆ ಡಾಲರ್.
ಅದರ ಹಿಂದಿನ ಗುರುವಾರವೂ. ಅದರ ಹಿಂದೆಯೂ."
"ನೀವು ಮುರಿದುಕೊಂಡದ್ದಾ?"
ಅಲ್ಲ. ಸಂಬಳವೇ ಇಲ್ಲದಲ್ಲಿ ಮುರಿಯಲು ಏನಿದೆ.
ಮನಿಆರ್ಡರು. ಅಂಚೆಕಚೇರಿಗೆ ತಾನೇ ಹೋಗಿ,
ಲೈಸೆನ್ಸ್ ಇಲ್ಲದವನು, ನಡೆದೇ ಹೋಗಿರಬೇಕು,
ಅಡಿಯ ಗೆರೆಯ ಮೇಲೆ ಹತ್ತು ಅಂಕಿ ಬರೆದು ಕಳಿಸಿದ್ದು.
ಅಪ್ಪ ಮಗಳಿಬ್ಬರಿಗೂ ಬಾಯಿಪಾಠವಿರುವುದು
ಲೋಕದಲ್ಲಿ ಇದೊಂದೇ ಇರಬೇಕು.

"ಪ್ರತಿ ಬೇಕಾ?" ಅಂದೆ.
ಪಾವತಿಯ ಪ್ರತಿ ಕೊಡಬಹುದು,
ಅಂಚೆಮುದ್ರೆಯ ಊರಿನ ಮೇಲೆ ಕಪ್ಪು ಬಳಿದು.
ಬಳಿದೆ, ಅವಳ ಕಣ್ಣೆದುರೇ, ನಿಯಮದಂತೆ.
ಅವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು,
ಬಹಳ ಹೊತ್ತು ಹಿಡಿದಳು,
ಮಡಚಿ ಜೇಬಿಗಿಟ್ಟು ಮೆಟ್ಟಿಲಿಳಿದಳು.

ಆ ಪೆನ್ನು ಒಣಗಿ ಎಷ್ಟೋ ದಿನವಾಗಿದೆ.
ಹೊಸದಕ್ಕೆ ಬೇಡಿಕೆಪತ್ರ ಬರೆಯಬೇಕು.
ನಾಳೆ ಬರೆಯುತ್ತೇನೆ.